ಚೆಂಗ್ಡುವಿನಲ್ಲಿ ಮಗಳು ಏನು ತಿನ್ನುತ್ತಾಳೆ?

ಓದುಗರ ಪತ್ರ

ಕಳೆದ ಸಂಚಿಕೆಯಲ್ಲಿ ನೀವು ಚೀನಾದ ಚೆಂಗ್ಡು ನಗರದಲ್ಲಿ ಉಳಿದುಕೊಂಡಿದ್ದ ದಿನಗಳ ಬಗ್ಗೆ ಒಂದು ಪುಟ ಬರೆದಿದ್ದಿರಿ. ನನ್ನ ಮಗಳಿಗೆ ಅದೇ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಸಂಶೋಧನೆಗೆ ಅವಕಾಶ ಸಿಕ್ಕಿದೆ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಅಲ್ಲಿಯವರು ಹರಿದಾಡುವುದನ್ನೆಲ್ಲ ತಿನ್ನುತ್ತಾರೆ, ಹುಡುಗಿ ಉಪವಾಸ ಬೀಳುತ್ತಾಳೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಕಡಕ್ ರೊಟ್ಟಿ, ಚಟ್ನಿಪುಡಿ, ಅವಲಕ್ಕಿ, ತುಪ್ಪ ಕಟ್ಟಿಕೊಡೋಣ ಎಂದುಕೊಂಡಿದ್ದೇನೆ. ಆದರೆ ಕಳಿಸುವುದೋ ಬೇಡವೋ ಎಂಬ ಅನುಮಾನವೇ ಇನ್ನೂ ಹೋಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ

ಮಾನ್ಯರೇ,

ಮಗಳನ್ನು ಕಳಿಸಿ. ವಿವರಗಳೆಲ್ಲ ಆಮೇಲೆ, ನಿಮ್ಮ ಅನುಮಾನಕ್ಕೆ ನನ್ನ ಉತ್ತರ ಇದೇ. ಇಂಥ ಅವಕಾಶವನ್ನು ಊಟದ ಭಯಕ್ಕೆ ಕೈಬಿಡಬಾರದು. ಹಾಗೆಂದು ಅವಳು ಏನೂ ತಿಳಿಯದೆ ಹೋಗಿ ಇಳಿಯುವುದೂ ಬೇಡ. ಸಸ್ಯಾಹಾರಿಗೆ ಆ ಊರಿನಲ್ಲಿ ತೊಡಕು ಇರುವುದು ನಿಜ. ಅದು ನಿಮ್ಮ ನೆಂಟರು ತೋರಿಸುತ್ತಿರುವ ಕಡೆ ಇಲ್ಲ, ಅಷ್ಟೆ.

"ಹರಿದಾಡುವುದನ್ನೆಲ್ಲ ತಿನ್ನುತ್ತಾರೆ" ಎಂಬ ಮಾತು ನಮ್ಮಲ್ಲಿ ಬಹಳ ಹಗುರವಾಗಿ ಓಡಾಡುತ್ತದೆ. ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಬೀಜಿಂಗಿನ ವಾಂಗ್‌ಫುಜಿಂಗ್ ಬೀದಿಯಲ್ಲಿ ಪ್ರವಾಸಿಗರಿಗೆಂದು ಕಡ್ಡಿಗೆ ಚುಚ್ಚಿ ಮಾರುತ್ತಿದ್ದ ಚೇಳುಗಳ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ, ಇಡೀ ದೇಶದ ಊಟವೇ ಅದು ಎಂದು ನಂಬಿಸಿಬಿಟ್ಟಿದೆ. ಚೆಂಗ್ಡುವಿನ ಮನೆಗಳಲ್ಲಿ ದಿನನಿತ್ಯದ ಮಾಂಸವೆಂದರೆ ಹಂದಿಮಾಂಸ. ಅದರ ಹಿಂದೆ ಕೋಳಿ, ಬಾತು, ದನ, ಮೀನು. ಚೆಂಗ್ಡು ಇರುವ ಸಿಚುವಾನ್ ಪ್ರಾಂತದವರಿಗೆ ಮೊಲವೂ ಇಷ್ಟ. ಮಸಾಲೆಯಲ್ಲಿ ಬೇಯಿಸಿದ ಮೊಲದ ತಲೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟು ಮಾರುತ್ತಾರೆ. ಮಗಳಿಗೆ ಇದನ್ನು ಮೊದಲೇ ಹೇಳಿಡಿ, ಕಂಡಾಗ ಬೆಚ್ಚುವುದು ತಪ್ಪುತ್ತದೆ. ನಾಯಿಯ ಮಾತು ಹೇಗೂ ಬಂದೇ ಬರುತ್ತದೆ. 2020ರಲ್ಲಿ ಚೀನಾದ ಕೃಷಿ ಸಚಿವಾಲಯ ಪ್ರಕಟಿಸಿದ ಜಾನುವಾರುಗಳ ಪಟ್ಟಿಯಲ್ಲಿ ನಾಯಿ ಇಲ್ಲ. ಅದು ಮನುಷ್ಯನ ಸಂಗಾತಿ ಎಂದು ಸಚಿವಾಲಯವೇ ಹೇಳಿತು. ಚೆಂಗ್ಡುವಿನ ಉದ್ಯಾನಗಳಲ್ಲಿ ನಾನು ಕಂಡ ನಾಯಿಗಳ ಕೊರಳಲ್ಲಿ ಪಟ್ಟಿ ಇತ್ತು, ಚಳಿಗೆ ಮೈಮೇಲೆ ಸ್ವೆಟರ್ ಇತ್ತು.

ಇನ್ನು ತರಕಾರಿ. ಚೆಂಗ್ಡು ಬಯಲಿನ ನೆಲ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ನೀರಾವರಿಯದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಲಿ ಬಿಂಗ್ ಎಂಬ ಆಡಳಿತಾಧಿಕಾರಿ ಮಿನ್ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟದೆ, ನದಿಯನ್ನೇ ಎರಡಾಗಿ ಸೀಳಿ, ಒಂದು ಪಾಲನ್ನು ಕಾಲುವೆಗಳಿಗೆ ತಿರುಗಿಸಿದ. ದುಜಿಯಾಂಗ್ಯಾನ್ ಎಂಬ ಆ ಏರ್ಪಾಡು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. 2000ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಫಲ ಬೆಳಗಿನ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ. ದಂಟಿಗಾಗಿಯೇ ಬೆಳೆಸುವ ದಪ್ಪ ಲೆಟ್ಯೂಸ್, ನೀರಿನಲ್ಲಿ ಬೆಳೆಯುವ ಟೊಳ್ಳು ದಂಟಿನ ಸೊಪ್ಪು, ಸಾಸಿವೆ ಸೊಪ್ಪಿನ ಹಲವು ಬಗೆ, ತಾವರೆ ಬೇರು, ನಮ್ಮ ಮಲೆನಾಡಿನವರು ಬಿಡದ ಕಳಲೆ, ಬಗೆಬಗೆಯ ಅಣಬೆ. ಪಕ್ಕದಲ್ಲೇ ಸೋಯಾ ಹಾಲು ಒಡೆಸಿ ಮಾಡುವ ತೋಫುವಿನ ಅಂಗಡಿ: ಮೆತ್ತನೆಯದು, ಗಟ್ಟಿಯದು, ಹೊಗೆ ಹಿಡಿಸಿದ್ದು, ಹಾಳೆಯಂತೆ ಒಣಗಿಸಿದ್ದು. ಸಸ್ಯಾಹಾರಿ ಹುಡುಗಿ ಅಲ್ಲಿ ಉಪವಾಸ ಬೀಳುವ ಮಾತೇ ಇಲ್ಲ.

ಹಾಗಾದರೆ ತೊಡಕು ಎಲ್ಲಿ? ಆ ತರಕಾರಿ ಬಾಣಲೆಗೆ ಬಿದ್ದ ಮೇಲೆ. ಚೀನೀ ಅಡುಗೆಯಲ್ಲಿ ಮಾಂಸ ಎಷ್ಟೋ ಸಲ ಒಗ್ಗರಣೆಯ ಕೆಲಸ ಮಾಡುತ್ತದೆ. ಬೀನ್ಸ್ ಪಲ್ಯ ಎಂದು ತರಿಸಿಕೊಂಡರೆ ಅದರಲ್ಲಿ ಹಂದಿಮಾಂಸದ ಸಣ್ಣ ಪುಡಿ ಇರುತ್ತದೆ. ಸೊಪ್ಪನ್ನು ಹಂದಿಕೊಬ್ಬಿನಲ್ಲಿ ಹುರಿದಿರಬಹುದು. ಕೋಳಿರುಚಿಯ ಪುಡಿಯನ್ನು ಉಪ್ಪು ಉದುರಿಸಿದಷ್ಟೇ ಸಹಜವಾಗಿ ಉದುರಿಸುತ್ತಾರೆ. ನೂಡಲ್ಸ್‌ನ ಸಾರು ಮೂಳೆಯದು. ಊರಿಗೇ ಹೆಸರು ತಂದ ಮಾಪೋ ತೋಫು, 1862ರ ಸುಮಾರಿಗೆ ಅಲ್ಲಿನ ಸೇತುವೆಯೊಂದರ ಬಳಿ ಅಂಗಡಿ ಇಟ್ಟಿದ್ದ ಚೆನ್ ಮನೆತನದ ಹೆಂಗಸಿನ ಕೈಯಡುಗೆ ಎನ್ನುತ್ತಾರೆ. ಹೆಸರು ತೋಫುವಿನದಾದರೂ ಅದರಲ್ಲಿ ದನದ ಮಾಂಸದ ಪುಡಿ ಬೀಳುವುದೇ ಸಂಪ್ರದಾಯ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಾಟ್‌ಪಾಟ್ ವಿಷಯದಲ್ಲಿ. ಮೇಜಿನ ನಡುವೆ ಕುದಿಯುವ ಆ ಕೆಂಪು ಸಾರಿನಲ್ಲಿ ತೇಲುವ ಕೊಬ್ಬು ಸಾಮಾನ್ಯವಾಗಿ ದನದ್ದು. ಗೆಳತಿಯರು ಮೊದಲ ವಾರವೇ ಕರೆಯುತ್ತಾರೆ. ಅವಳು ಹೋಗಲಿ, ಆದರೆ ಎರಡು ಭಾಗವಾಗಿರುವ ಪಾತ್ರೆ ಕೇಳಿ, ಒಂದು ಕಡೆ ಅಣಬೆಯದೋ ಟೊಮೆಟೊದ್ದೋ ಸಾರು ಹಾಕಿಸಿಕೊಳ್ಳಲಿ. ಅದಕ್ಕೂ ಮಾಂಸದ ಸಾರು ಬೆರೆಸಿಲ್ಲವೆಂದು ಕೇಳಿ ತಿಳಿದುಕೊಳ್ಳಲಿ.

ಅವರು ಮೋಸ ಮಾಡುತ್ತಾರೆಂದು ದಯವಿಟ್ಟು ಭಾವಿಸಬೇಡಿ. "ಮಾಂಸ ಬೇಡ" ಎಂದರೆ ಮಾಂಸದ ತುಂಡು ಬೇಡ ಎಂದು ಅಡುಗೆಯವನು ತಿಳಿಯುತ್ತಾನೆ; ಕೊಬ್ಬು, ಸಾರು, ಪುಡಿ ಅವನ ಲೆಕ್ಕದಲ್ಲಿ ಮಾಂಸವಲ್ಲ. ಆದ್ದರಿಂದ ಬಿಡಿಸಿ ಹೇಳಬೇಕು. ವಿಶ್ವವಿದ್ಯಾಲಯದಲ್ಲಿ ಪರಿಚಯವಾದ ಯಾರಿಂದಲಾದರೂ ಚೀನೀ ಅಕ್ಷರಗಳಲ್ಲಿ ಒಂದು ಚೀಟಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಲಿ: ಮಾಂಸ ಬೇಡ, ಮಾಂಸದ ಪುಡಿ ಬೇಡ, ಹಂದಿಕೊಬ್ಬು ಬೇಡ, ಮೂಳೆಯ ಸಾರು ಬೇಡ, ಕೋಳಿಪುಡಿ ಬೇಡ, ಕಡಲ ಚಿಪ್ಪುಜೀವಿಯಿಂದ ಮಾಡುವ ಆಯ್‌ಸ್ಟರ್ ಸಾಸ್ ಬೇಡ, ಎಣ್ಣೆ ಗಿಡದ್ದಾಗಿರಲಿ. ಸಿಚುವಾನಿನಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯ ಬಳಕೆ ಎಲ್ಲೆಡೆ ಇದೆ, ಹಾಗಾಗಿ ಇದು ಅವರಿಗೆ ಕಷ್ಟದ ಕೋರಿಕೆಯಲ್ಲ. ಚಿಕ್ಕ ಅಂಗಡಿಗಳಲ್ಲಿ ಅಡುಗೆಯಾಕೆ ಆ ಚೀಟಿಯನ್ನು ಓದಿ, ಒಳಗೆ ಕರೆದು, ತರಕಾರಿ ತೋರಿಸಿ, ಯಾವುದು ಬೇಕೆಂದು ಕೇಳುವುದನ್ನು ನಾನು ಕಂಡಿದ್ದೇನೆ. ಮೊಬೈಲಿನ ಅನುವಾದವನ್ನು ಪೂರ್ತಿ ನಂಬುವುದು ಬೇಡ. ಬದನೆಕಾಯಿಯ ಹೆಸರಾಂತ ಪಲ್ಯವೊಂದರ ಹೆಸರಿನಲ್ಲಿ ಮೀನು ಇದೆ, ಪಾತ್ರೆಯಲ್ಲಿ ಇಲ್ಲ. ಮೀನಿಗೆ ಹಾಕುವ ಮಸಾಲೆಯನ್ನು ಬದನೆಗೆ ಹಾಕಿರುತ್ತಾರೆ. ಹಂದಿಮಾಂಸದ ಪುಡಿ ಬಿಡಿಸಿದರೆ ಅದು ಅವಳಿಗೆ ಬಲು ಹಿಡಿಸುವ ಪಲ್ಯವಾಗುತ್ತದೆ.

ಚೀಟಿ ತೋರಿಸುವ ಕಷ್ಟ ಕಡಿಮೆ ಇರುವ ತಿನಿಸುಗಳೂ ಬೀದಿಯಲ್ಲಿ ಬೇಕಾದಷ್ಟಿವೆ. ಬೆಳಿಗ್ಗೆ ಬಿಸಿ ಸೋಯಾ ಹಾಲು, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲು, ತರಕಾರಿ ತುಂಬಿ ಹಬೆಯಲ್ಲಿ ಬೇಯಿಸಿದ ಬಾವ್‌ಜ ಎಂಬ ಹಿಟ್ಟಿನ ಉಂಡೆ. ಮಧ್ಯಾಹ್ನ ಪಿಷ್ಟದಿಂದ ಮಾಡಿ ತಣ್ಣಗೆ ಬಡಿಸುವ ಲ್ಯಾಂಗ್‌ಫೆನ್. ಬೇಸಿಗೆಯಲ್ಲಿ ಕರಿಬೆಲ್ಲದ ಪಾಕ ಸುರಿದ ಬಿಂಗ್‌ಫೆನ್ ಎಂಬ ತಣ್ಣನೆಯ ಜೆಲ್ಲಿ. ನನಗೆ ಅತ್ಯಂತ ಪ್ರಿಯವಾದದ್ದು ತ್ಯೆನ್‌ಷ್ವೇ ಮ್ಯೆನ್. ಕಿರುಬೆರಳಿನ ದಪ್ಪದ ನಾಲ್ಕಾರು ನೂಡಲ್ಸ್ ಎಳೆಗಳು ಒಂದು ಪುಟ್ಟ ಬಟ್ಟಲಿನಲ್ಲಿ ಬರುತ್ತವೆ. ಮೇಲೆ ಸಕ್ಕರೆ ಹಾಕಿ ಕಾಯಿಸಿ ಮಂದ ಮಾಡಿದ ಸೋಯಾ ಸಾಸ್, ಅರೆದ ಎಳ್ಳು, ಅರೆದ ಬೆಳ್ಳುಳ್ಳಿ, ಕೆಂಪು ಮೆಣಸಿನ ಎಣ್ಣೆ. ಅಡಿಯಿಂದ ಎತ್ತಿ ಎತ್ತಿ ಕಲಸಬೇಕು. ಕಲಸಿದಷ್ಟೂ ಸಾಸ್ ಎಳೆಗೆ ಅಂಟಿ ಹೊಳೆಯುತ್ತದೆ. ಮೊದಲು ಸಿಹಿ, ಹಿಂದೆಯೇ ಖಾರ, ಆಮೇಲೆ ಅಗಿದಷ್ಟೂ ಮುಗಿಯದ ಹಿಟ್ಟಿನ ರುಚಿ. ಹೊಟ್ಟೆ ತುಂಬುವಷ್ಟು ಕೊಡುವುದಿಲ್ಲ, ಎರಡನೆಯ ಬಟ್ಟಲು ಹೇಳಬೇಕಾಗುತ್ತದೆ.

ಪೂರ್ತಿ ನಿಶ್ಚಿಂತೆಯಿಂದ ಉಣ್ಣಬೇಕೆನಿಸಿದ ದಿನ ಮಗಳು ವೆನ್‌ಷು ವಿಹಾರಕ್ಕೆ ಹೋಗಲಿ. ನಗರದ ನಡುವೆಯೇ ಇರುವ ಬೌದ್ಧ ವಿಹಾರವದು, ಬೋಧಿಸತ್ವ ಮಂಜುಶ್ರೀಯ ಹೆಸರಿನದು. ಒಳಗೆ ಸಸ್ಯಾಹಾರದ ಭೋಜನಶಾಲೆಯೂ ಚಹಾ ಅಂಗಳವೂ ಇವೆ. ಅಲ್ಲಿನ ಕಟ್ಟುಪಾಡು ನಮ್ಮ ಮನೆಗಳದ್ದಕ್ಕಿಂತ ಬಿಗಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಒಂದು ವಿಷಯ ಮಾತ್ರ ಹೇಳಿಟ್ಟಿರಿ: ಇಂಥ ಊಟದ ಮನೆಗಳಲ್ಲಿ ತೋಫು ಹಾಳೆ, ಗೋಧಿಯ ಅಂಟು, ಅಣಬೆಗಳಿಂದ ಮೀನಿನಂತೆ, ಮಾಂಸದಂತೆ ಕಾಣುವ ಪದಾರ್ಥ ಮಾಡುತ್ತಾರೆ. ತಟ್ಟೆಯಲ್ಲಿ ಇಡೀ ಮೀನು ಕಂಡು ಎದ್ದು ಬರುವ ಅಗತ್ಯವಿಲ್ಲ.

ಖಾರದ ಬಗ್ಗೆ ನೀವು ಕೇಳಿಲ್ಲ. ದಾವಣಗೆರೆಯ ಮಿರ್ಚಿ ಮಂಡಕ್ಕಿ ತಿಂದು ಬೆಳೆದವಳಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ಆದರೆ ಸಿಚುವಾನಿನಲ್ಲಿ ಮೆಣಸಿನಕಾಯಿ ಅರ್ಧ ಮಾತ್ರ. ಇನ್ನರ್ಧ ಹ್ವಾಜ್ಯಾವ್ ಎಂಬ ಕಾಯಿ. ಕಚ್ಚಿದ ಕ್ಷಣದಲ್ಲಿ ನಿಂಬೆಯ ಘಮ, ಮರುಕ್ಷಣ ತುಟಿ ನಾಲಿಗೆಗಳೆಲ್ಲ ಜುಮ್ಮೆನ್ನತೊಡಗುತ್ತವೆ. ಆ ಜುಮ್ಮು ಸೆಕೆಂಡಿಗೆ 50 ಸಲದ ಆಸುಪಾಸಿನ ಕಂಪನದಂತೆ ಅನುಭವಕ್ಕೆ ಬರುತ್ತದೆ ಎಂದು 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದು ತೋರಿಸಿದರು. ಇದು ನಮಗೆ ತೀರ ಅಪರಿಚಿತವೂ ಅಲ್ಲ. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಬೆಳೆಯುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ್, ಇದೇ ಕುಲದ ಮರದ್ದು. ಸಸ್ಯಶಾಸ್ತ್ರದಲ್ಲಿ ಎರಡೂ ಜಾಂತೋಜೈಲಮ್. ಇನ್ನು ಮೆಣಸಿನಕಾಯಿ ಅಲ್ಲಿಗೂ ಇಲ್ಲಿಗೂ ಅಮೆರಿಕದಿಂದ ಕಡಲು ದಾಟಿ ಬಂದದ್ದು. ಚೀನೀ ಬರಹಗಳಲ್ಲಿ ಅದು ಕಾಣಿಸಿಕೊಳ್ಳುವುದೇ 1591ರಲ್ಲಿ. ಹ್ವಾಜ್ಯಾವ್ ಮಾತ್ರ ಅದಕ್ಕೂ ಬಹಳ ಹಿಂದಿನಿಂದ ಆ ನೆಲದ್ದೇ. ಮಗಳಿಗೆ ಮೊದಲ ಸಲ ಬಾಯಿ ಮರಗಟ್ಟಿದಾಗ ಏನೋ ತಿನ್ನಬಾರದ್ದನ್ನು ತಿಂದೆನೆಂದು ಗಾಬರಿಯಾಗುವುದು ಬೇಡ.

ಮನೆಯೂಟಕ್ಕೆ ಯಾರಾದರೂ ಕರೆದರೆ ತಪ್ಪಿಸಬಾರದೆಂದು ಹೇಳಿ. ಸಿಚುವಾನ್ ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಅಥವಾ ಗಾಜಿನ ಜಾಡಿ ಇರುತ್ತದೆ, ನಮ್ಮ ಉಪ್ಪಿನಕಾಯಿ ಭರಣಿಯಂತೆ ಮನೆತನದ ಸ್ವತ್ತು ಅದು. ಜಾಡಿಯ ಕೊರಳಿನ ಸುತ್ತ ಒಂದು ಅಗಲವಾದ ಕಾಲುವೆ. ಅದಕ್ಕೆ ನೀರು ತುಂಬಿ, ಮುಚ್ಚಳವನ್ನು ಆ ನೀರಿನೊಳಗೆ ಕೂರಿಸುತ್ತಾರೆ. ಒಳಗೆ ಉಪ್ಪುನೀರಿನಲ್ಲಿ ಮೂಲಂಗಿ, ಎಳೆ ಶುಂಠಿ, ಅಲಸಂದೆ ಕಾಯಿ, ಕೋಸು ಹುಳಿಯಾಗುತ್ತಿರುತ್ತವೆ. ಹುಳಿಯೇರುವಾಗ ಹುಟ್ಟುವ ಗಾಳಿ ನೀರಿನ ಮೂಲಕ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗಲಾರದು. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಮೂಲಂಗಿ ಗಂಜಿಗೆ ಅತ್ಯುತ್ತಮ. ಹಳೆಯ ಉಪ್ಪುನೀರನ್ನು ಚೆಲ್ಲದೆ ವರ್ಷಗಟ್ಟಲೆ ಕಾಪಾಡುತ್ತಾರೆ. ಅನ್ನ, ಆ ಹುಳಿ ತರಕಾರಿ, ಒಂದು ಸೊಪ್ಪಿನ ಪಲ್ಯ ಇದ್ದರೆ ನಿಮ್ಮ ಮಗಳಿಗೆ ಊಟ ಆಯಿತು.

ಬೀದಿಯ ಬದುಕಿನ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವೇ ಆಗುತ್ತದೆ, ಏಕೆಂದರೆ ತಾಯಂದಿರಿಗೆ ಊಟದ ಜೊತೆಗೆ ಒಂಟಿತನದ ಚಿಂತೆಯೂ ಇರುತ್ತದೆ. ಚೆಂಗ್ಡು ಮನೆಯೊಳಗೆ ಕೂರುವ ಊರಲ್ಲ. 1911ರಲ್ಲಿ ತೆರೆದ ಪೀಪಲ್ಸ್ ಪಾರ್ಕ್‌ನ ಹೆಮಿಂಗ್ ಚಹಾ ಅಂಗಳದಲ್ಲಿ ಬಿದಿರಿನ ಕುರ್ಚಿಗಳ ಮೇಲೆ ಅರ್ಧ ದಿನ ಕುಳಿತರೂ ಯಾರೂ ಏಳಿ ಎನ್ನುವುದಿಲ್ಲ. ತಟ್ಟೆ, ಬಟ್ಟಲು, ಮುಚ್ಚಳ ಮೂರೂ ಸೇರಿದ ಚಹಾದ ಸೆಟ್ಟು, ಅದರಲ್ಲಿ ಮಲ್ಲಿಗೆಯ ಘಮದ ಎಲೆ. ಬಿಸಿನೀರು ಮತ್ತೆ ಮತ್ತೆ ತುಂಬಿಕೊಡುತ್ತಾರೆ. ಕಬ್ಬಿಣದ ಚಿಮಟವನ್ನು ಟಿಣ್ಣೆನಿಸುತ್ತ ಕಿವಿ ಶುಚಿ ಮಾಡುವವರು ಮೇಜಿನಿಂದ ಮೇಜಿಗೆ ಸುತ್ತುತ್ತಾರೆ. ಅದೇ ಉದ್ಯಾನದ ಇನ್ನೊಂದು ಬದಿ ನಿಮಗೆ ಆಸಕ್ತಿಯದ್ದು: ಮದುವೆಗೆ ಬಂದ ಮಕ್ಕಳ ವಯಸ್ಸು, ಎತ್ತರ, ಓದು, ಕೆಲಸಗಳನ್ನು ಕಾಗದದಲ್ಲಿ ಬರೆದು ಸಾಲಾಗಿ ತೂಗುಹಾಕಿ ತಂದೆತಾಯಿಯರು ನಿಂತಿರುತ್ತಾರೆ. ಆ ಮುಖಗಳಲ್ಲಿನ ಆತಂಕವನ್ನು ನೀವು ಕಂಡರೆ "ಅಲ್ಲಿಯವರು" ಎಂಬ ಮಾತು ನಿಮ್ಮ ಬಾಯಿಂದ ಮತ್ತೆ ಬರಲಾರದು.

ಸಂಜೆಯಾದರೆ ಬಡಾವಣೆಯ ಬಯಲುಗಳಲ್ಲಿ ಹೆಂಗಸರು ಧ್ವನಿವರ್ಧಕ ಇಟ್ಟುಕೊಂಡು ಸಾಲುಸಾಲಾಗಿ ಕುಣಿಯುತ್ತಾರೆ. ಹಿಂದಿನ ಸಾಲಿನಲ್ಲಿ ಯಾರು ಬೇಕಾದರೂ ಸೇರಿಕೊಳ್ಳಬಹುದು. ತಳ್ಳುಗಾಡಿಗಳು ಒಂದು ಕಾಲದಲ್ಲಿ ಅಧಿಕಾರಿಗಳ ಕಣ್ಣು ತಪ್ಪಿಸಿ ಓಡಬೇಕಾಗಿತ್ತು. 2020ರಲ್ಲಿ ಸೋಂಕಿನಿಂದ ವ್ಯಾಪಾರ ಬಿದ್ದುಹೋದಾಗ ಚೆಂಗ್ಡು ಆಡಳಿತ ಬೀದಿ ವ್ಯಾಪಾರಕ್ಕೆ ಜಾಗ ಗುರುತಿಸಿ ಬಿಟ್ಟುಕೊಟ್ಟಿತು. ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡುವುದೇ ನಗರದ ಅಂದವೆಂದು ತಿಳಿದಿರುವ ನಮ್ಮ ನಗರಪಾಲಿಕೆಗಳು ಇದನ್ನು ಗಮನಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹಣ ಕೊಡುವುದೆಲ್ಲ ಮೊಬೈಲಿನ ಕ್ಯೂಆರ್ ಕೋಡ್‌ನಲ್ಲೇ. ನಮ್ಮ ಯುಪಿಐ ಅಲ್ಲಿ ನೆಚ್ಚುವಂತಿಲ್ಲ, ಹೊರಡುವ ಮುನ್ನವೇ ಅಲಿಪೇ ಅಥವಾ ವಿಚಾಟ್‌ಗೆ ವೀಸಾ, ಮಾಸ್ಟರ್ ಕಾರ್ಡ್ ಜೋಡಿಸಿಕೊಳ್ಳಲಿ.

ಈಗ ನಿಮ್ಮ ಸೂಟ್‌ಕೇಸ್. ತುಪ್ಪ ಬೇಡ, ಹಾಲಿನ ಪದಾರ್ಥ, ತಾಜಾ ಹಣ್ಣು ತರಕಾರಿ, ಬಿತ್ತನೆ ಬೀಜಗಳನ್ನು ಪ್ರಯಾಣಿಕರು ಒಯ್ಯಲು ಚೀನಾದ ಸುಂಕದವರು ಬಿಡುವುದಿಲ್ಲ. ಅಕ್ಕಿ, ಮೆಣಸಿನಕಾಯಿ ಹೊರುವ ಅಗತ್ಯವೇ ಇಲ್ಲ. ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಇಂಗು, ಒಂದಿಷ್ಟು ಕಡಕ್ ರೊಟ್ಟಿ ಇರಲಿ. ಅವಳಿಗೆ ನಿಜವಾಗಿ ನೆನಪಾಗಿ ಕಾಡುವುದು ಮೊಸರು. ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಸಿಹಿ ಮೊಸರು. ವುಹೌ ದೇವಾಲಯದ ಹತ್ತಿರ ಟಿಬೆಟನ್ನರ ಅಂಗಡಿಗಳಿರುವ ಬೀದಿಗಳಿವೆ, ಸಿಹಿಯಿಲ್ಲದ ಮೊಸರಿಗೆ ಅಲ್ಲಿ ವಿಚಾರಿಸಲಿ. ಹಾಸ್ಟೆಲ್ ಕೋಣೆಯಲ್ಲಿ ಒಲೆ, ಕುಕ್ಕರ್ ಇಡಲು ಅನುಮತಿ ಇದೆಯೇ ಎಂದು ವಿಶ್ವವಿದ್ಯಾಲಯಕ್ಕೆ ಈಗಲೇ ಬರೆದು ಕೇಳಿ. ಎಷ್ಟೋ ಕಡೆ ಇರುವುದಿಲ್ಲ. ಚಳಿಗಾಲ ಬಂದ ಕೂಡಲೇ ಬಟಾಣಿ ಬಳ್ಳಿಯ ಎಳೆ ಕುಡಿ ಮಾರುಕಟ್ಟೆಗೆ ಬರುತ್ತದೆ. ಯಾವ ಅಂಗಡಿಯಲ್ಲಾದರೂ ಸರಿ, ಚೀಟಿ ತೋರಿಸಿ, ಬರೀ ಎಣ್ಣೆ ಉಪ್ಪು ಹಾಕಿ ಅದನ್ನು ಬಾಡಿಸಿಕೊಡಲು ಹೇಳಲಿ.