ಸಿವಿಲೈಸೇಶನ್ 5 ಎಂಬ ಕಂಪ್ಯೂಟರ್ ಆಟದಲ್ಲಿ ಖಜಾನೆ ಪದೇ ಪದೇ ಖಾಲಿಯಾಗುವುದೇಕೆ?

ಬಹಳ ಸಲ ಕಾರಣ ರಸ್ತೆಗಳೇ. ರಸ್ತೆಯಿರುವ ಒಂದೊಂದು ಟೈಲ್‌ಗೂ (ನಕ್ಷೆಯ ಒಂದೊಂದು ಮನೆಗೂ) ಪ್ರತಿ ಟರ್ನ್‌ನಲ್ಲಿ, ಅಂದರೆ ಪ್ರತಿ ಸರದಿಯಲ್ಲಿ, 1 ಚಿನ್ನ ಖರ್ಚಾಗುತ್ತದೆ, ರೈಲು ಹಳಿಗಾದರೆ 2. ವರ್ಕರ್‌ಗಳನ್ನು (ಕೆಲಸಗಾರರನ್ನು) ಆಟೋಮೇಟ್‌ಗೆ, ಅಂದರೆ ತಮ್ಮಷ್ಟಕ್ಕೆ ಕೆಲಸ ಮಾಡಲು, ಬಿಟ್ಟರೆ ಸುಮ್ನೆ ಎಲ್ಲೆಲ್ಲೋ ರಸ್ತೆ ಹಾಕಿಬಿಡುತ್ತಾರೆ. ಅದನ್ನು ನಿಲ್ಲಿಸಿ, ರಾಜಧಾನಿಗೆ ಊರುಗಳನ್ನು ಜೋಡಿಸುವ ದಾರಿಗಳನ್ನಷ್ಟೇ ಇಟ್ಟುಕೊಳ್ಳಿ. ಜೋಡಿಸಿದ ಊರಿನಲ್ಲಿ ಜನ ಹೆಚ್ಚಿದಷ್ಟೂ ಆದಾಯ ಜಾಸ್ತಿ. ಹಾಗಾಗಿ ದೂರದ ಪುಟ್ಟ ಊರಿಗೆ ಆತುರ ಬೇಡ, ಮೊದಲು ಅದು ಬೆಳೆಯಲಿ.

ರೇಷ್ಮೆಯೋ ದಂತವೋ, ಇಂಥ ಐಷಾರಾಮಿ ಸರಕು ಎರಡೆರಡಿದ್ದರೆ ಒಂದನ್ನು ಪಕ್ಕದ ರಾಜ್ಯಕ್ಕೆ ಮಾರಿ. ಎರಡನೆಯದರಿಂದ ನಿಮ್ಮ ಜನರ ಸಂತೋಷವೇನೂ ಹೆಚ್ಚುವುದಿಲ್ಲ, ಅಲ್ವಾ? ಆಟದ 2013ರ ವಿಸ್ತರಣೆ ಬ್ರೇವ್ ನ್ಯೂ ವರ್ಲ್ಡ್ ನಿಮ್ಮಲ್ಲಿ ಇದ್ದರೆ ಸಮುದ್ರದ ವ್ಯಾಪಾರ ಮಾರ್ಗಗಳನ್ನೇ ಆರಿಸಿ.

ಖಜಾನೆ ಸೊನ್ನೆಗಿಳಿದರೆ ಸಂಶೋಧನೆ ಕುಂಟುತ್ತದೆ, ಪಡೆಗಳೂ ಕರಗುತ್ತವೆ. ಅದಕ್ಕೂ ಮೊದಲೇ ಕೆಲಸವಿಲ್ಲದ ಹಳೆಯ ಪಡೆಗಳನ್ನು ನೀವೇ ವಿಸರ್ಜಿಸಿ.