ಶೇ 98 ಎಂದರೆ ಯಾವುದರ 98?

ಪ್ರಶ್ನೆ: ತಿಕೋಟಾ ಭಾಗದ ದ್ರಾಕ್ಷಿ ಎಲೆಗಳ ಫೋಟೊ ಬಳಸಿ ಡೌನಿ ರೋಗ, ಬೂದಿರೋಗ, ರೋಗವಿಲ್ಲದ ಎಲೆ ಎಂಬ ಮೂರು ವರ್ಗಗಳನ್ನು ಗುರುತಿಸುವ ಡೀಪ್ ಲರ್ನಿಂಗ್ ಮಾದರಿ ಮಾಡಿದ್ದೇನೆ. ದಾಳಿಂಬೆ ಎಲೆ ತೋರಿಸಿದರೂ ಅದು ‘ಬೂದಿರೋಗ, ಶೇ 98’ ಎನ್ನುತ್ತದೆ. ಮಾದರಿಗೆ ಅಷ್ಟು ಖಾತ್ರಿಯಿದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ

ಉತ್ತರ: ಇಲ್ಲ. ಬೆಳೆಯ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ. ನಿಮ್ಮ ಮಾದರಿಯೊಳಗಿನ ಜಾಲವು (ನ್ಯೂರಲ್ ನೆಟ್‌ವರ್ಕ್) ಬೂದಿರೋಗಕ್ಕೆ 6, ಉಳಿದೆರಡು ವರ್ಗಗಳಿಗೆ 2, 1 ಅಂಕ ಕೊಟ್ಟಿತೆನ್ನಿ. ಸಾಫ್ಟ್‌ಮ್ಯಾಕ್ಸ್ ಎಂಬ ಸೂತ್ರ e (ಸುಮಾರು 2.718) ಎಂಬ ಸಂಖ್ಯೆಯನ್ನು ಆ ಅಂಕಗಳ ಘಾತಕ್ಕೇರಿಸಿ, ಬಂದದ್ದನ್ನು ಮೊತ್ತ ನೂರಾಗುವಂತೆ ಹಂಚಿದಾಗ ಮೊದಲನೆಯದಕ್ಕೆ ಸುಮಾರು 98 ಸಿಗುತ್ತದೆ. ಅದು ಮೂರರೊಳಗಿನ ಪಾಲು ಮಾತ್ರ. ನೋಟಾ ಇಲ್ಲದ ಮತಯಂತ್ರದಲ್ಲಿ ಯಾರೂ ಬೇಡವೆನ್ನುವವನ ಮತವೂ ಯಾರಿಗೋ ಒಬ್ಬರಿಗೆ ಬೀಳಲೇಬೇಕಲ್ಲವೇ?

2017ರಿಂದ ಬಳಕೆಯಲ್ಲಿರುವ, ಅತಿಯಾದ ಖಾತ್ರಿಯನ್ನು ತಗ್ಗಿಸುವ ಟೆಂಪರೇಚರ್ ಸ್ಕೇಲಿಂಗ್‌ನಂತೆ ಅಂಕಗಳನ್ನು 2ರಿಂದ ಭಾಗಿಸಿದರೆ 98 ಎಂಬುದು 82ಕ್ಕೆ ಇಳಿಯುತ್ತದೆ. ಆ ಭಾಜಕವನ್ನು ತರಬೇತಿಗೆ ಬಳಸದ ಫೋಟೊಗಳಿಂದಲೇ ಆರಿಸಬೇಕು. ಆದರೆ ಅಂಕಗಳ ಕ್ರಮ ಬದಲಾಗದ ಕಾರಣ ದಾಳಿಂಬೆ ಎಲೆ ಬೂದಿರೋಗವಾಗಿಯೇ ಉಳಿಯುತ್ತದೆ. ಆದ್ದರಿಂದ ಬೇರೆ ಬೇರೆ ಆರಂಭಿಕ ತೂಕಗಳಿಂದ (ಕಲಿಯುತ್ತ ಜಾಲ ತಿದ್ದಿಕೊಳ್ಳುವ ಒಳಗಿನ ಸಂಖ್ಯೆಗಳು) ಐದು ಜಾಲಗಳಿಗೆ ತರಬೇತಿ ಕೊಟ್ಟು, ಅವು ಎಲ್ಲಿ ಪರಸ್ಪರ ಒಪ್ಪುವುದಿಲ್ಲವೋ ಅಲ್ಲಿ ಉತ್ತರ ತಡೆಹಿಡಿಯಿರಿ. ಐದಕ್ಕೆ ಯಂತ್ರಬಲವಿಲ್ಲದಿದ್ದರೆ, ಪರೀಕ್ಷೆಯ ಹೊತ್ತಿನಲ್ಲೂ, ತರಬೇತಿಯಲ್ಲಿ ಜಾಲದ ಕೆಲವು ಘಟಕಗಳನ್ನು ಮನಬಂದಂತೆ ಮುಚ್ಚುವ ಡ್ರಾಪ್‌ಔಟ್ ಚಾಲೂ ಇಟ್ಟು ಒಂದೇ ಫೋಟೊವನ್ನು ಹಲವು ಬಾರಿ ಓಡಿಸಿ ಉತ್ತರಗಳ ಏರಿಳಿತ ನೋಡಬಹುದು. ನಾನು ಐದು ಜಾಲಗಳನ್ನೇ ನಂಬುವವನು. ಐದೂ ಒಟ್ಟಿಗೆ ತಪ್ಪುವುದುಂಟು ಎಂಬುದನ್ನೂ ಮರೆಯಬೇಡಿ.

ನೀವು ಬರೆಯದೆ ಬಿಟ್ಟದ್ದೇ ನನ್ನನ್ನು ಹೆಚ್ಚು ಕಾಡುತ್ತದೆ: ಒಂದೇ ಬಳ್ಳಿಯ ಹತ್ತು ಫೋಟೊಗಳಲ್ಲಿ ಎಂಟನ್ನು ತರಬೇತಿಗೆ, ಎರಡನ್ನು ಪರೀಕ್ಷೆಗೆ ಹಾಕಿದ್ದರೆ ನಿಮ್ಮ ಯಾವ ಅಂಕಿಯೂ ನಂಬಲರ್ಹವಲ್ಲ. ಫೋಟೊಗಳನ್ನಲ್ಲ, ತೋಟಗಳನ್ನು ವಿಂಗಡಿಸಿ. ಬೂದಿರೋಗಕ್ಕೆ ಹೊಡೆಯುವ ಗಂಧಕ ಡೌನಿಯನ್ನು ಹಿಡಿಯದು. ತಪ್ಪು ಉತ್ತರಕ್ಕೆ ರೈತ ಬೆಳೆ ತೆರುತ್ತಾನೆ.

ಪ್ರಶ್ನೆ: ‘ಇತರೆ’ ಎಂಬ ನಾಲ್ಕನೇ ವರ್ಗ ಸೇರಿಸಿದರೆ ಸಾಲದೇ? (ಜಮಖಂಡಿ)

ಉತ್ತರ: ಜಗತ್ತಿನ ‘ಇತರೆ’ಯನ್ನೆಲ್ಲ ಫೋಟೊ ತೆಗೆದು ಮುಗಿಸಿದ ದಿನ ಸಾಕಾಗುತ್ತದೆ.

ಪ್ರಶ್ನೆ: ಮಂಜಾದ ಫೋಟೊಗಳ ಅನುಮಾನ ಹೆಚ್ಚು ತರಬೇತಿಯಿಂದ ಹೋಗುತ್ತದೆಯೇ? (ಗೋಕಾಕ)

ಉತ್ತರ: ಫೋಟೊದಲ್ಲೇ ಇಲ್ಲದ ಮಾಹಿತಿಯನ್ನು ಯಾವ ತರಬೇತಿಯೂ ತರುವುದಿಲ್ಲ, ಲೆನ್ಸ್ ಒರೆಸಿ ಮತ್ತೊಮ್ಮೆ ತೆಗೆಯಿರಿ.

ಪ್ರಶ್ನೆ: ‘ನೂರಕ್ಕೆ ನೂರು ಖಚಿತ’ ಎನ್ನುವ ಆ್ಯಪ್ ಕೊಳ್ಳಬಹುದೇ? (ಮುಧೋಳ)

ಉತ್ತರ: ಹಾಗೆ ಮಾರುವವನಿಗೆ ಮೊದಲು ನಿಮ್ಮ ಅಂಗೈಯ ಫೋಟೊ ಕಳಿಸಿ, ಯಾವ ರೋಗವೆಂದು ಕೇಳಿ.