ಕಡ್ಡಾಯ ಪರೇಡ್ ಮಾಡಿದವನ ಉತ್ತರ

"ಇಸ್ರೇಲ್, ದಕ್ಷಿಣ ಕೊರಿಯಾದ ಹಾಗೆ ನಮ್ಮಲ್ಲೂ 18 ತುಂಬಿದವರಿಗೆಲ್ಲ ಎರಡು ವರ್ಷ ಸೈನ್ಯ ಕಡ್ಡಾಯ ಮಾಡಬಾರದೇಕೆ? ಈಗಿನ ಹುಡುಗರಿಗೆ ಶಿಸ್ತೇ ಇಲ್ಲ" ಎಂದು ಕೇಳಿದ್ದೀರಿ.

ಬೇಡ ಅನ್ನುವುದು ನನ್ನ ಉತ್ತರ. ಒಂದು ವಿಷಯದಲ್ಲಿ ಮಾತ್ರ ಅಷ್ಟು ಗಟ್ಟಿಯಾಗಿ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಮೇಷ್ಟರಾಗಿದ್ದವನು, ಚುಟುಕಾಗಿ ಹೇಳಿ ಅಭ್ಯಾಸ ಇಲ್ಲ.

ನಾನು ಮಂಡ್ಯದವನು. ಎಂಬತ್ತರ ಹತ್ತಿರ ಬಂದಿದ್ದೇನೆ. 1964ರಿಂದ 67ರವರೆಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ. ಈಗಿನ ಬಹಳ ಜನಕ್ಕೆ ಗೊತ್ತಿರಲಾರದು, ನೀವು ಕೇಳುತ್ತಿರುವ ಕಡ್ಡಾಯದ ಒಂದು ಮರಿಯನ್ನು ಈ ದೇಶ ಆಗಲೇ ಸಾಕಿ ನೋಡಿದೆ. ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ಎನ್‌ಸಿಸಿ 1948ರಿಂದಲೇ ಇತ್ತು, ಇಷ್ಟ ಇದ್ದವರು ಸೇರುತ್ತಿದ್ದರು. 1962ರಲ್ಲಿ ಚೀನಾ ಕೈಲಿ ಪೆಟ್ಟು ತಿಂದ ಮೇಲೆ, 1963ರಲ್ಲಿ ಕಾಲೇಜು ಹುಡುಗರಿಗೆ ಅದನ್ನು ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಎಂದಾಯಿತು. ನಡುವಿನ ಆ ಐದು ವರ್ಷದಲ್ಲಿ ಸಿಕ್ಕಿಕೊಂಡವನು ನಾನು.

ಪರೇಡ್ ಇದ್ದ ದಿನ ಬೆಳಗಿನ ಜಾವಕ್ಕೇ ಏಳಬೇಕು. ಹಿಂದಿನ ರಾತ್ರಿಯೇ ಖಾಕಿ ಬಟ್ಟೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಬೆಲ್ಟಿನ ಹಿತ್ತಾಳೆಗೆ ಬ್ರಾಸೊ ಉಜ್ಜಿ ಇಡಬೇಕು. ಮೈಸೂರಿನ ಡಿಸೆಂಬರ್ ಚಳಿ ಆಗ ನಿಜಕ್ಕೂ ಚಳಿಯೇ. ಮೈದಾನದಲ್ಲಿ ನಿಂತರೆ ಚಾಮುಂಡಿಬೆಟ್ಟ ಮಂಜಿನೊಳಗೆ ಕಾಣುತ್ತಲೇ ಇರಲಿಲ್ಲ. ಆಜ್ಞೆಗಳೆಲ್ಲ ಹಿಂದಿಯಲ್ಲಿ. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್. ಹಳ್ಳಿಯಿಂದ ಬಂದ ನಮಗೆ ಎಡ ಬಲವೇ ಆ ಹೊತ್ತಿನಲ್ಲಿ ಹೊಳೆಯುತ್ತಿರಲಿಲ್ಲ, ಇನ್ನು ದಾಹಿನೆ ಬಾಯೇ ಎಲ್ಲಿ! ಅರ್ಧ ಸಾಲು ಆ ಕಡೆ, ಅರ್ಧ ಸಾಲು ಈ ಕಡೆ ತಿರುಗಿ ಎದುರುಬದುರು ಮುಖ ನೋಡಿಕೊಂಡು ನಗುತ್ತಿದ್ದೆವು. ಬಯ್ಗುಳವೂ ಹಿಂದಿಯಲ್ಲೇ ಇದ್ದುದರಿಂದ ಅಷ್ಟು ನಾಟುತ್ತಿರಲಿಲ್ಲ.

ಶಿಸ್ತು ಬಂತಾ? ಹಾಜರಿಯಲ್ಲಿ ಬಂತು. ಒಬ್ಬನ ಹೆಸರಿಗೆ ಇನ್ನೊಬ್ಬ "ಯಸ್ ಸಾರ್" ಅನ್ನುವ ವಿದ್ಯೆಯನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ಆ ಮೈದಾನದಲ್ಲಿ. ಬೇರೆ ಬೇರೆ ದನಿಯಲ್ಲಿ ಮೂವರ ಹೆಸರಿಗೆ ಕೂಗುವ ಒಬ್ಬ ಮಹಾನುಭಾವ ನಮ್ಮಲ್ಲಿದ್ದ. ಪ್ರತಿಫಲ ಒಂದು ಮಸಾಲೆ ದೋಸೆ.

ಇದನ್ನು ತಮಾಷೆಗೆ ಬಿಟ್ಟುಬಿಡಬಹುದು. ಬಿಡಲಾಗದ್ದು ಇನ್ನೊಂದಿದೆ. ನಮ್ಮ ತರಗತಿಯಲ್ಲಿ ಊರಿನ ದೊಡ್ಡ ವಕೀಲರೊಬ್ಬರ ಮಗ ಇದ್ದ. ಅವನಿಗೆ ಉಬ್ಬಸ ಎಂದು ಡಾಕ್ಟರು ಬರೆದುಕೊಟ್ಟಿದ್ದರು, ಪರೇಡಿನಿಂದ ವಿನಾಯಿತಿ. ನಾವು ಬಿಸಿಲಲ್ಲಿ ಎಡಗಾಲು ಬಲಗಾಲು ಹಾಕುತ್ತಿದ್ದ ಭಾನುವಾರಗಳಲ್ಲಿ ಆ ಉಬ್ಬಸದವನು ಇನ್ನೊಂದು ಮೈದಾನದಲ್ಲಿ ಫಾಸ್ಟ್ ಬೌಲಿಂಗ್ ಮಾಡುತ್ತಿದ್ದ. ಒಳ್ಳೆ ಬೌಲರ್, ಅದರಲ್ಲಿ ಎರಡು ಮಾತಿಲ್ಲ. ಅದೇ ಸಾಲಿನಲ್ಲಿ ಪಾಂಡವಪುರದ ಕಡೆಯ ಒಬ್ಬ ಹುಡುಗ ಇದ್ದ. ಅವನಿಗೆ ಸಿಕ್ಕ ಬೂಟು ಒಂದು ಸೈಜು ಚಿಕ್ಕದು. ಬದಲಾಯಿಸಿಕೊಡಿ ಎಂದು ಕೇಳಬಹುದು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲ ಅಂಟಿಕೊಳ್ಳುತ್ತಿತ್ತು. ಒಂದು ದಿನ ಖಾಲಿ ಹೊಟ್ಟೆಯಲ್ಲಿ ಬಂದು ನಿಂತವನು ಬವಳಿ ಬಂದು ಬಿದ್ದ. ಮೈದಾನದ ಆಚೆ ಹೊಂಗೆ ಮರದ ಕೆಳಗೆ ಮಲಗಿಸಿ ನೀರು ಚಿಮುಕಿಸಿದೆವು. ಎದ್ದವನು ಮೊದಲು ಕೇಳಿದ್ದು, "ಹಾಜರಿ ಹಾಕಿದಾರೇನೋ?"

ನಾಳೆ ನೀವು ದೇಶಕ್ಕೆಲ್ಲ ಕಡ್ಡಾಯ ತಂದರೂ ಈ ಇಬ್ಬರೂ ಹಾಗೇ ಇರುತ್ತಾರೆ. ವಕೀಲರ ಮಗನಿಗೆ ಸರ್ಟಿಫಿಕೇಟ್, ಪಾಂಡವಪುರದವನಿಗೆ ಬೂಟು. ನಮ್ಮ ದೇಶದ ಕೆಟ್ಟ ಬುದ್ಧಿ ಅಂತ ಹೇಳುತ್ತಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದಲ್ಲೂ ಕಾಲೇಜಿನಲ್ಲಿದ್ದವರಿಗೆ ಮುಂದೂಡಿಕೆ ಸಿಗುತ್ತಿತ್ತು, ಕಾಲೇಜಿಗೆ ಹೋಗಲಾಗದವರು ಹೋಗಿ ಹೋರಾಡಿದರು. 1973ರಲ್ಲಿ ಅವರು ಕಡ್ಡಾಯ ಕೈಬಿಟ್ಟರು. ನೀವು ಹೇಳಿದ ಇಸ್ರೇಲಿನಲ್ಲೇ ಕಟ್ಟಾ ಸಂಪ್ರದಾಯಸ್ಥ ಯಹೂದಿ ವಿದ್ಯಾರ್ಥಿಗಳಿಗೆ ದಶಕಗಟ್ಟಲೆ ವಿನಾಯಿತಿ ಇತ್ತು. ಅವರನ್ನೂ ಸೇರಿಸಿಕೊಳ್ಳಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜೂನಿನಲ್ಲಿ. ಜಗಳ ಅಲ್ಲಿಗೂ ಮುಗಿಯಲಿಲ್ಲ.

ಈಗ 1965ಕ್ಕೆ ಬರುತ್ತೇನೆ. ಪಾಕಿಸ್ತಾನದ ಜೊತೆ ಯುದ್ಧ, ಜೊತೆಗೆ ಆಹಾರದ ಅಭಾವ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿಯವರು ಜನರನ್ನು ಕೇಳಿಕೊಂಡರು. ಕೇಳಿಕೊಂಡರು ಅಷ್ಟೇ. ಕಾನೂನಿಲ್ಲ, ಹಾಜರಿ ಇಲ್ಲ. ನಮ್ಮ ಹಾಸ್ಟೆಲಿನಲ್ಲಿ ಸೋಮವಾರ ರಾತ್ರಿ ಒಲೆ ಹೊತ್ತಿಸುವುದು ಬೇಡ ಎಂದು ಹುಡುಗರೇ ಅಡಿಗೆಯವರಿಗೆ ಹೇಳಿದರು. ಮೂರು ದನಿಯಲ್ಲಿ ಹಾಜರಿ ಕೂಗುವವನೂ ಹಸಿದುಕೊಂಡು ಮಲಗಿದ. ಕದ್ದು ಹೋಗಿ ತಿಂದು ಬಾರೋ ಎಂದು ರೇಗಿಸಿದರೆ ಹೊಡೆಯಲು ಬಂದ. ಪರೇಡಿನಲ್ಲಿ ಸುಳ್ಳು ಹಾಜರಿ ಕೂಗಿದ ಅದೇ ಹುಡುಗ! ನನಗೆ ಇವತ್ತಿಗೂ ಆ ಸೋಮವಾರಗಳು ನೆನಪಿವೆ. ಪರೇಡ್‌ಗಳು ಒಂದಕ್ಕೊಂದು ಕಲಸಿಹೋಗಿವೆ.

ಇನ್ನು ನನ್ನ ಬೇಡ ಸಡಿಲವಾಗುವ ಜಾಗ.

ಆಗಿನ ಮೈಸೂರಿನಲ್ಲಿ ಹಾಸ್ಟೆಲ್ ಅಂದರೆ ಜಾತಿಗೊಂದು. ನಾನು ನಮ್ಮವರ ಹಾಸ್ಟೆಲಿನಲ್ಲಿದ್ದೆ, ಅವರು ಅವರವರ ಹಾಸ್ಟೆಲಿನಲ್ಲಿದ್ದರು. ತರಗತಿಯಲ್ಲಿ ಒಟ್ಟಿಗೆ ಕೂತರೂ ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಗೂಡಿಗೆ. ಎರಡನೇ ವರ್ಷ ಹತ್ತು ದಿನದ ಎನ್‌ಸಿಸಿ ಕ್ಯಾಂಪಿಗೆ ಹೋದಾಗ ಮೊದಲ ಸಲ ಒಂದೇ ಟೆಂಟಿನಲ್ಲಿ ಎಲ್ಲ ಜಾತಿಯವರ ಜೊತೆ ಮಲಗಿದೆ. ಒಂದೇ ಹಂಡೆಯ ಸಾರು, ಒಂದೇ ಸಾಲು, ತಟ್ಟೆ ಹಿಡಿದು ನಿಲ್ಲಬೇಕು. ನಮ್ಮ ಟೆಂಟಿನಲ್ಲಿ ಒಬ್ಬ ಮೊದಲ ಎರಡು ದಿನ ಬರೀ ಬಾಳೆಹಣ್ಣು ತಿಂದ. ಮೂರನೇ ದಿನ ಹಸಿವು ಗೆದ್ದಿತು. ನಾಲ್ಕನೇ ದಿನ ಅವನೇ ಇನ್ನೊಬ್ಬನ ತಟ್ಟೆಯಿಂದ ಉಪ್ಪಿನಕಾಯಿ ಎತ್ತಿಕೊಂಡ. ಆ ಇನ್ನೊಬ್ಬ ಯಾರು, ಯಾವ ಕೇರಿಯವನು ಎಂದು ನಮಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಯಾರೂ ಮಾತಾಡಲಿಲ್ಲ.

ಇಷ್ಟ ಇದ್ದವರು ಬನ್ನಿ ಎಂದಿದ್ದರೆ ಆ ಬಾಳೆಹಣ್ಣಿನವನು ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಬರುತ್ತಿರಲಿಲ್ಲ. ಹಾಗಾಗಿ ಯಾರಾದರೂ "ಕಡ್ಡಾಯದಿಂದ ಏನೂ ಒಳ್ಳೆಯದಾಗಲ್ಲ" ಅಂದರೆ ನಾನು ಹೂಂ ಅನ್ನುವುದಿಲ್ಲ. ಆದರೆ ಅದಕ್ಕೆ ಬೇಕಾದದ್ದು ಹಂಡೆ ಮತ್ತು ಟೆಂಟು. ಬಂದೂಕು ಅಲ್ಲ, ಎರಡು ವರ್ಷವೂ ಅಲ್ಲ.

ಎರಡು ವರ್ಷದ ಲೆಕ್ಕ ಹಾಕಿ ನೋಡಿದ್ದೀರಾ? ನಾನು ಗಣಿತದ ಮೇಷ್ಟ್ರು, ಸುಮ್ನೆ ಬಿಡಲಾಗಲಿಲ್ಲ. ವರ್ಷಕ್ಕೆ ಎರಡು ಕೋಟಿಗಿಂತ ಜಾಸ್ತಿ ಮಕ್ಕಳು ಈ ದೇಶದಲ್ಲಿ 18 ತುಂಬುತ್ತಾರೆ. ಹುಡುಗರನ್ನಷ್ಟೇ ಹಿಡಿದರೂ ಒಂದು ಕೋಟಿ ದಾಟುತ್ತದೆ. ನಮ್ಮ ಇಡೀ ಭೂಸೇನೆ ಸುಮಾರು 12 ಲಕ್ಷ. ಸೇವೆ ಎರಡು ವರ್ಷ ಅಂದರೆ ಯಾವಾಗ ನೋಡಿದರೂ ಎರಡು ತಂಡ ಒಳಗಿರುತ್ತವೆ, ಅಂದರೆ ಎರಡು ಕೋಟಿ. ಈಗ ನಾಲ್ಕು ವರ್ಷಕ್ಕೆಂದು ಸೈನ್ಯಕ್ಕೆ ಸೇರಿಸಿಕೊಳ್ಳುವ ಅಗ್ನಿವೀರರಿಗೆ ಮೊದಲ ವರ್ಷ ನಿಗದಿಯಾದ ತಿಂಗಳ 30,000 ರೂಪಾಯಿಯನ್ನೇ ಇವರಿಗೂ ಕೊಟ್ಟರೆ ವರ್ಷಕ್ಕೆ 7 ಲಕ್ಷದ 20 ಸಾವಿರ ಕೋಟಿ. 2025-26ರ ನಮ್ಮ ಇಡೀ ರಕ್ಷಣಾ ಬಜೆಟ್ 6 ಲಕ್ಷದ 81 ಸಾವಿರ ಕೋಟಿ. ಬರೀ ಸಂಬಳಕ್ಕೇ ಇಷ್ಟು. ಬೂಟು, ಊಟ, ಬ್ಯಾರಕ್ಕು ಆಮೇಲಿನ ಮಾತು. ಸಂಬಳ ಕಡಿಮೆ ಕೊಡೋಣ ಅನ್ನುತ್ತೀರಾ? ಆಗ ಅದಕ್ಕೆ ನಮ್ಮ ಹಳ್ಳಿ ಕಡೆ ಬಿಟ್ಟಿ ಚಾಕರಿ ಅನ್ನುತ್ತಾರೆ.

ಕಾನೂನಿನಲ್ಲಿ ಅಡ್ಡಿ ಇದೆ ಎಂದು ಕೆಲವರು ಹೇಳುತ್ತಾರೆ, ಅದು ಪೂರ್ತಿ ಸರಿ ಅಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ಹೇರಬಹುದು, ಧರ್ಮ ಜಾತಿ ವರ್ಗ ನೋಡಿ ಭೇದ ಮಾಡಬಾರದು ಎಂದು ಅದೇ ವಿಧಿ ಹೇಳುತ್ತದೆ. ಡಾಕ್ಟರ್ ಓದಿದವರಿಗೆ ಒಂದು ವರ್ಷ ಹಳ್ಳಿ ಸೇವೆ ಎಂದು ನಮ್ಮ ರಾಜ್ಯವೇ 2012ರಲ್ಲಿ ಕಾನೂನು ಮಾಡಿತಲ್ಲ. ಅಂದರೆ ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. ಮಾಡಬೇಕಾ ಅನ್ನುವುದು ನಮ್ಮ ಜಗಳ.

ಕೊರಿಯಾ ಬೇರೆ. ನನ್ನ ಮೊಮ್ಮಗಳು ಬಿಟಿಎಸ್ ಎಂಬ ಅಲ್ಲಿನ ಹಾಡಿನ ತಂಡದ ಹುಚ್ಚಿ. ಆ ತಂಡದ ಜಿನ್ ಎಂಬ ಹುಡುಗ 2022ರ ಡಿಸೆಂಬರಿನಲ್ಲಿ ಸೈನ್ಯಕ್ಕೆ ಹೋದಾಗ ನಮ್ಮ ಮನೆಯಲ್ಲಿ ಸೂತಕದ ಕಳೆ. 18 ತಿಂಗಳು ಮುಗಿಸಿ 2024ರ ಜೂನಿನಲ್ಲಿ ವಾಪಸ್ ಬಂದ, ಹೋಳಿಗೆ ಮಾಡಿಸಿಕೊಂಡು ತಿಂದಳು. ಅಲ್ಲಿ ಅಷ್ಟು ದೊಡ್ಡ ಹಾಡುಗಾರನಿಗೂ ತಪ್ಪಲಿಲ್ಲ ಅನ್ನುವುದು ಮೆಚ್ಚಬೇಕಾದ್ದೇ. ಆದರೆ ಅವರ ಯುದ್ಧ 1953ರಲ್ಲಿ ನಿಂತಿದ್ದು ಬರೀ ಕದನವಿರಾಮದಲ್ಲಿ, ಶಾಂತಿ ಒಪ್ಪಂದ ಆಗಲೇ ಇಲ್ಲ. ಗಡಿ ರಾಜಧಾನಿಯ ಮಗ್ಗುಲಲ್ಲೇ ಇದೆ, ಹುಟ್ಟುವ ಮಕ್ಕಳೂ ಕಡಿಮೆ. ಇಸ್ರೇಲಿನ ಜನಸಂಖ್ಯೆ ನಮ್ಮ ಕರ್ನಾಟಕದ ಕಾಲು ಭಾಗವೂ ಇಲ್ಲ. ಅವರಿಗೆ ಆಳು ಸಾಲದು. ಆಳು ಸಾಲದವರ ಔಷಧಿ ನಮಗೆ ಯಾಕೆ? ಸ್ವಿಸ್ ಜನ 2013ರಲ್ಲಿ ಮತ ಹಾಕಿ ಕಡ್ಡಾಯವೇ ಇರಲಿ ಅಂದರು. ಜರ್ಮನಿ 2011ರಲ್ಲಿ ನಿಲ್ಲಿಸಿತು. ಸ್ವೀಡನ್ ನಿಲ್ಲಿಸಿ, 2017ರಲ್ಲಿ ಮತ್ತೆ ತರಲು ತೀರ್ಮಾನಿಸಿತು, ಈ ಸಲ ಹೆಣ್ಣುಮಕ್ಕಳನ್ನೂ ಸೇರಿಸಿ. ಅಂದ ಹಾಗೆ, ನೀವು "ಎಲ್ಲರಿಗೂ" ಎಂದು ಬರೆದಾಗ ನಿಮ್ಮ ಮಗಳನ್ನೂ ಸೇರಿಸಿದ್ದಿರಾ?

ನಮ್ಮಲ್ಲಿ ಆಳಿಗೆ ಬರ ಇಲ್ಲ ಎಂದು ನೋಡಬೇಕಾದರೆ ಬೆಳಿಗ್ಗೆ ಐದೂವರೆಗೆ ನಮ್ಮ ಮನೆ ಹಿಂದಿನ ನಾಲೆ ಏರಿಯ ಮೇಲೆ ಬನ್ನಿ. ಹತ್ತು ಹನ್ನೆರಡು ಹುಡುಗರು ಓಡುತ್ತಿರುತ್ತಾರೆ. ಕಬ್ಬಿನ ಗದ್ದೆಯ ಮಕ್ಕಳು. ಯಾರೂ ಹೇಳಿಲ್ಲ, ಯಾರೂ ಕರೆದಿಲ್ಲ. ಅವರಲ್ಲಿ ಒಬ್ಬ ನಮ್ಮ ಪಕ್ಕದ ಮನೆಯವನು. 2023ರಲ್ಲಿ ಸೈನ್ಯದ ಬರವಣಿಗೆ ಪರೀಕ್ಷೆ ಪಾಸಾಗಿ ನೇಮಕಾತಿ ರ‍್ಯಾಲಿಗೆ ಹೋದ. 1.6 ಕಿಲೋಮೀಟರ್ ಓಟ, ಆಗ ಗಡಿ 5 ನಿಮಿಷ 45 ಸೆಕೆಂಡ್. ಇವನು ಎರಡು ಸೆಕೆಂಡ್ ತಡ. ಅವರ ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ.

ಅವನಿಗೆ ಗೊತ್ತು, ಅಗ್ನಿವೀರ ಆದರೂ ನಾಲ್ಕೇ ವರ್ಷ. ನೂರಕ್ಕೆ 25 ಜನರವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರು ಹನ್ನೊಂದು ಮುಕ್ಕಾಲು ಲಕ್ಷದಷ್ಟು ಇಡುಗಂಟು ಹಿಡಿದು ಮನೆಗೆ. ಆ ನಾಲ್ಕು ವರ್ಷ ಮದುವೆಯೂ ಆಗುವಂತಿಲ್ಲ. ಅವರಮ್ಮನಿಗೆ ಅದೇನೂ ದೊಡ್ಡದಲ್ಲ. "ಇಲ್ಲಿದ್ರೂ ಯಾರು ಹೆಣ್ಣು ಕೊಡ್ತಾರೆ ಸಾರ್" ಅನ್ನುತ್ತಾರೆ. ಅದೇ ವರ್ಷ ನಮ್ಮ ಜಿಲ್ಲೆಯಿಂದ ಹೆಣ್ಣು ಸಿಗದ ರೈತರ ಮಕ್ಕಳು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದನ್ನು ನೀವೂ ಸುದ್ದಿಯಲ್ಲಿ ನೋಡಿರಬಹುದು. ದೇಶಪ್ರೇಮ, ಸಂಬಳ, ಊರಲ್ಲಿ ಮರ್ಯಾದೆ, ಮದುವೆ. ಆ ಹುಡುಗನ ಓಟದಲ್ಲಿ ಎಲ್ಲವೂ ಕಲಸಿಕೊಂಡಿದೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಎರಡು ಸೆಕೆಂಡಿಗೆ ಅವನನ್ನು ವಾಪಸ್ ಕಳಿಸುವ ದೇಶ, ಬರಲ್ಲ ಅನ್ನುವ ಇನ್ನೊಬ್ಬನ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬರಬೇಕು ಅನ್ನುತ್ತೀರಲ್ಲ, ಅದೇ ನನಗೆ ಅರ್ಥ ಆಗದ್ದು.

ಈಗ ಅವನಿಗೆ ಇಪ್ಪತ್ತು ದಾಟಿದೆ. ವಯಸ್ಸಿನ ಗಡಿ ಹತ್ತಿರ ಬರುತ್ತಿದೆ. ಐದೂವರೆ ನಿಮಿಷದೊಳಗೆ ಮುಟ್ಟಿದರೆ ಪೂರ್ತಿ 60 ಅಂಕ. ನಿನ್ನೆ 5 ನಿಮಿಷ 34ಕ್ಕೆ ಬಂದ. ಮೊಬೈಲ್ ಗಡಿಯಾರ ಒತ್ತುವುದು ನನ್ನ ಕೆಲಸ. ನನ್ನ ಬೆರಳು ಸ್ವಲ್ಪ ನಿಧಾನ, ಹಾಗಾಗಿ 33 ಇದ್ದರೂ ಇರಬಹುದು ಎಂದು ಅವನ ವಾದ. ಬೆಳಿಗ್ಗೆ ಮತ್ತೆ ನೋಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.